ಹಂಪಿಯಲ್ಲಿ ಒಲೆ ಹಚ್ಚದವರು

ದೊಡ್ಡತ್ತೆಯ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಒಂದು ರೋಮವಿರಲಿಲ್ಲ. ಎಡಗೈ ಎಲ್ಲರ ಕೈಯ ಹಾಗೆಯೇ ಇತ್ತು. ಬಲಗೈ ಮಾತ್ರ ಎಣ್ಣೆ ಸವರಿದ ಒರಳುಕಲ್ಲಿನಂತೆ ನುಣ್ಣಗೆ ಮಿರುಗುತ್ತಿತ್ತು. ಮದುವೆಯಾಗಿ ಶಿಡ್ಲಘಟ್ಟದ ಮನೆಗೆ ಬಂದ ಹೊಸದರಲ್ಲಿ ನಾನು ಕದ್ದು ಕದ್ದು ಅದನ್ನೇ ನೋಡುತ್ತಿದ್ದೆ. ಒಂದು ದಿನ ಅವರೇ ಕೈ ಮುಂದಕ್ಕೆ ಚಾಚಿ, "ಸರಿಯಾಗೇ ನೋಡ್ಕೊ ಕಾನ್ವೆಂಟಮ್ಮ. ಕೂದ್ಲೆಲ್ಲ ಒಲೆ ತಿಂದೈತೆ. ಕೈ ಬಿಟ್ಟೈತಲ್ಲ, ಅದೇ ಪುಣ್ಯ," ಎಂದು ನಕ್ಕರು.

ಅವರು ನಮ್ಮ ಮಾವನವರ ಅಕ್ಕ. ನಮ್ಮ ಯಜಮಾನರು ಚಿಕ್ಕಂದಿನಿಂದ ಕರೆದ ಹಾಗೆ ನಾನೂ ದೊಡ್ಡತ್ತೆ ಎನ್ನುತ್ತಿದ್ದೆ. ಇಪ್ಪತ್ತು ತುಂಬುವಷ್ಟರಲ್ಲಿ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ತವರಿಗೆ ವಾಪಸು ಬಂದವರು. ಬಂದ ದಿನವೇ ಅಡುಗೆಮನೆ ಹೊಕ್ಕರಂತೆ. ರೇಷ್ಮೆಹುಳದ ಮನೆಯ ಆಳುಗಳಿಗೆ, ಹೊಲದವರಿಗೆ, ಸಂತೆಗೆ ಬಂದು ಉಳಿಯುವ ನೆಂಟರಿಗೆ ದಿನಾ ಮುದ್ದೆ ತೊಳಸುವುದು ಅವರ ಪಾಲಿಗೆ ಬಂತು. ಎಲ್ಲರದೂ ಆದ ಮೇಲೆ ಒರಳಿನ ಅಂಚಿನ ಮೇಲೆ ತಟ್ಟೆ ಇಟ್ಟುಕೊಂಡು, ನಿಂತೇ ಉಣ್ಣುತ್ತಿದ್ದರು. ಕೂತರೆ ಮತ್ತೆ ಯಾರಾದರೂ ಕರೆಯುತ್ತಾರೆ, ಏಳುವ ಕಷ್ಟ ಯಾಕೆ ಎನ್ನುವುದು ಅವರ ಲೆಕ್ಕ.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಕಸೂತಿ, ಮೆಲುದನಿ, ಎದುರಾಡದಿರುವುದು, ಈ ಮೂರನ್ನು ಸಿಸ್ಟರುಗಳು ಚೆನ್ನಾಗಿ ಕಲಿಸಿದ್ದರು. ಮುದ್ದೆಯ ಹಿಟ್ಟು ಗಂಟಾಗದ ಹಾಗೆ ಕೋಲಾಡಿಸುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಅದನ್ನು ಕಲಿಸಿದವರು ದೊಡ್ಡತ್ತೆ. ನನ್ನ ಮುದ್ದೆ ಗಂಟಾದ ದಿನ ಅದನ್ನು ತಮ್ಮ ತಟ್ಟೆಗೇ ಹಾಕಿಕೊಂಡು, ಅತ್ತೆಯವರ ಕಣ್ಣಿಗೆ ಬೀಳದಂತೆ ತಿಂದುಬಿಡುತ್ತಿದ್ದರು.

ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಚಿತ್ರ ಅಂದರೆ ಪ್ರಾಣ. ಬೆಲ್ಲ ಕಟ್ಟಿಕೊಟ್ಟ ಪೇಪರನ್ನು ಹಾಗೇ ಒಲೆಗೆ ಹಾಕುತ್ತಿರಲಿಲ್ಲ. ಬಿಡಿಸಿ, ನೀವಿ, ಎರಡೂ ಮಗ್ಗುಲು ನೋಡಿ, ಚಿತ್ರವಿಲ್ಲ ಅಂತ ಖಾತ್ರಿಯಾದ ಮೇಲೆಯೇ ಬೆಂಕಿಗೆ. "ಹೊಟ್ಟೆಗೊಂದು ಹಸಿವಾದ್ರೆ ಕಣ್ಣಿಗೊಂದು ಹಸಿವು ಕಣಮ್ಮ. ಇದಕ್ಕೆ ಯಾರೂ ತಟ್ಟೆ ಹಾಕಲ್ಲ, ಅಷ್ಟೇ," ಎನ್ನುತ್ತಿದ್ದರು. ಒಲೆಯ ಮೇಲಿನ ಗೋಡೆಗೆ ಗಂಜಿಯಲ್ಲಿ ಅಂಟಿಸಿದ ಒಂದು ಚಿತ್ರವಿತ್ತು. ಹಂಪಿಯ ಉಗ್ರನರಸಿಂಹ. ಹೊಗೆ ಹಿಡಿದು ಮೈಯೆಲ್ಲ ಕಪ್ಪಾಗಿ, ಉಬ್ಬಿದ ಎರಡು ಕಣ್ಣು ಮಾತ್ರ ಉಳಿದಿದ್ದವು. "ಪಾಪ, ಇವನೂ ಒಲೆ ಊದೋನೇ ಇರಬೇಕು. ಕಣ್ಣು ನೋಡು ಹೆಂಗೆ ಊದ್ಕೊಂಡವೆ. ಒಂದು ದಿನ ಹೋಗಿ ಮಾತಾಡಿಸ್ಬೇಕು," ಎಂದು ನಗುತ್ತಿದ್ದರು. ನಗುತ್ತಿದ್ದರೂ ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಚಿಂತಾಮಣಿಯಲ್ಲಿ ರಿಟೈರಾದ ರೆವಿನ್ಯೂ ಶೇಕದಾರರೊಬ್ಬರು ವರ್ಷಕ್ಕೊಮ್ಮೆ ಬಸ್ಸು ಮಾತಾಡಿ, ನಮ್ಮ ಕಡೆಯ ಜಮೀನ್ದಾರ ಮನೆಗಳವರನ್ನು ಸೇರಿಸಿ ಟೂರು ಕರೆದುಕೊಂಡು ಹೋಗುತ್ತಿದ್ದರು. ಬರೀ ದೇವರ ಯಾತ್ರೆಯಲ್ಲ, ನಮ್ಮ ದೇಶದ ಚರಿತ್ರೆ ತೋರಿಸುತ್ತೇನೆ ಎನ್ನುವುದು ಅವರ ಹೆಮ್ಮೆ. ನಿಜಕ್ಕೂ ಓದಿಕೊಂಡಿದ್ದರು. ಕನ್ನಡದಲ್ಲಿ ಶುರುಮಾಡಿ, ಉತ್ಸಾಹ ಬಂದಾಗ ತೆಲುಗಿಗೆ ಹಾರಿ, ಕಲ್ಲಿಗೂ ಮಾತು ಬರಿಸುತ್ತಿದ್ದರು. ಕೊರಳಲ್ಲಿ ಒಂದು ಪೀಪಿ. ಇಳಿಯಿರಿ ಎನ್ನಲು ಒಂದು ಸಲ, ಹತ್ತಿರಿ ಎನ್ನಲು ಎರಡು ಸಲ ಊದುತ್ತಿದ್ದರು.

ಆ ವರ್ಷ ಲೇಪಾಕ್ಷಿ, ಹಂಪಿ, ಬಾದಾಮಿ ಎಂದು ಗೊತ್ತಾಯಿತು. ಮಾವನವರು ಊಟಕ್ಕೆ ಕೂತಾಗ, "ಅಕ್ಕಯ್ಯನೂ ಬರಲಿ. ಅವಳಿದ್ರೆ ಅಡುಗೆ ಚಿಂತೆ ಇಲ್ಲ," ಎಂದರು. ದೊಡ್ಡತ್ತೆ ಸಾರು ಬಡಿಸುತ್ತಿದ್ದವರು ಸೌಟು ಹಿಡಿದೇ ನಿಂತುಬಿಟ್ಟರು. ಮಾತಿನ ಎರಡನೆಯ ಅರ್ಧ ಅವರಿಗೆ ಕೇಳಿಸಲೇ ಇಲ್ಲ ಎಂದು ಕಾಣುತ್ತದೆ.

ಆಗಿನ ಟೂರಿನ ರೀತಿ ಈಗಿನವರಿಗೆ ಹೇಳಬೇಕು. ಹೋಟೆಲ್ ಊಟ ಎನ್ನುವುದಿರಲಿಲ್ಲ. ಬಸ್ಸಿನ ಮೇಲೆ ಅಕ್ಕಿ ಮೂಟೆ, ರಾಗಿಹಿಟ್ಟು, ಸೌದೆ, ದೊಡ್ಡ ದೊಡ್ಡ ದಬರಿಗಳು. ಒಂದು ಜಾಗಕ್ಕೆ ಬಂದು ಇಳಿದರೆ ಹೆಂಗಸರು ಮರದಡಿಯಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚುವುದು, ಗಂಡಸರು ಶೇಕದಾರರ ಹಿಂದೆ ಹೋಗಿ ನೋಡಿಕೊಂಡು ಬರುವುದು. ಅವರು ಬಂದು ಉಂಡ ಮೇಲೆ ನಾವು ಉಂಡು, ಪಾತ್ರೆ ಬೆಳಗುವಷ್ಟರಲ್ಲಿ ಎರಡು ಸಲ ಪೀಪಿ. ಇದು ಅನ್ಯಾಯ ಎಂದು ಯಾರೂ ಅಂದುಕೊಂಡಿರಲಿಲ್ಲ. ಹಿಂದಿನ ವರ್ಷ ಹೋಗಿ ಬಂದ ಗೌರಿಬಿದನೂರಿನ ನಾದಿನಿಯನ್ನು "ಶ್ರೀರಂಗಪಟ್ಟಣ ಹೆಂಗಿದೆ?" ಎಂದು ಕೇಳಿದಾಗ ಅವಳು, "ಸೌದೆ ಹಸಿ ಇತ್ತು ಕಣೇ, ಬಹಳ ಹೊಗೆ," ಎಂದಿದ್ದಳು.

ಚಿಕ್ಕಬಳ್ಳಾಪುರದಲ್ಲಿ ಒಂದಷ್ಟು ಜನ ಹತ್ತಿದರು, ಗೌರಿಬಿದನೂರಿನಲ್ಲಿ ಇನ್ನೊಂದಷ್ಟು. ದೊಡ್ಡತ್ತೆಗೆ ಕೊನೆಯ ಸೀಟು, ದಬರಿಗಳ ಪಕ್ಕದಲ್ಲಿ. ಮಂಚೇನಹಳ್ಳಿ ದಾಟುವವರೆಗೂ ಅವರು ಕಿಟಕಿಯಿಂದ ಮುಖ ತಿರುಗಿಸಿರಲಿಲ್ಲ. ಗಾಳಿಗೆ ಸೆರಗು ಜಾರಿ, ನರೆತ ಕೂದಲು ಹಾರಾಡುತ್ತಿದ್ದರೂ ಸರಿಮಾಡಿಕೊಳ್ಳಲಿಲ್ಲ. ಅವರು ಹಾಗೆ ಕೂತಿದ್ದನ್ನು ನಾನು ಮನೆಯಲ್ಲಿ ಒಂದು ಸಲವೂ ನೋಡಿರಲಿಲ್ಲ.

ಲೇಪಾಕ್ಷಿಯಲ್ಲಿ ದಾರಿ ಪಕ್ಕದ ದೊಡ್ಡ ಬಸವಣ್ಣನಿಗೆ ಕಾಣುವಂತೆಯೇ ಒಲೆ ಹೂಡಿದೆವು. ಹುರುಳಿಕಾಳಿನ ಸಾರು ಕುದಿಯುವ ಹೊತ್ತಿಗೆ ಗಂಡಸರು ದೇವಸ್ಥಾನ ನೋಡಿಕೊಂಡು ಬಂದರು. ನಮ್ಮ ಯಜಮಾನರು ಮಗುವಿನ ಹಾಗೆ ಕುಣಿಯುತ್ತಿದ್ದರು.

"ದೊಡ್ಡತ್ತೆ, ಒಂದು ಕಂಬ ನೆಲಾನೇ ಮುಟ್ಟಿಲ್ಲ! ಅಡಿಯಲ್ಲಿ ಟವಲ್ ಹಾಕಿ ಎಳೆದೆ, ಆ ಕಡೆ ಬಂತು."

"ನಿಜವಾ?" ದೊಡ್ಡತ್ತೆ ಸೌಟು ಕೆಳಗಿಟ್ಟರು. "ಎಷ್ಟು ದೂರ ಐತೆ? ಬಡಿಸಿಬಿಟ್ಟು ಒಂದು ಗಳಿಗೆ ಓಡಿ ಹೋಗಿ ಬರ್ತೀನಿ."

ಬಡಿಸಿದರು. ಎರಡನೆಯ ಸಾಲು ಬಡಿಸಿದರು. ಪಾತ್ರೆ ಮುಸುರೆ ಇರುವಾಗಲೇ ಸೆರಗು ಸಿಕ್ಕಿಸಿಕೊಂಡು ನಾಲ್ಕು ಹೆಜ್ಜೆ ಇಟ್ಟರು. ಪೀಪಿ ಊದಿತು.

"ಶೇಕದಾರಪ್ಪ, ಆ ಕಂಬ ಒಂದು..."

"ಟೈಮಿಲ್ಲಮ್ಮ. ಪೆನುಗೊಂಡಕ್ಕೆ ಹೊತ್ತಿರುವಾಗಲೇ ಸೇರಬೇಕು. ಹತ್ತಿ ಹತ್ತಿ."

ದೊಡ್ಡತ್ತೆ ಹತ್ತಿದರು. ಕಾಲ ಬಳಿ ಮುಸುರೆ ದಬರಿ. ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದರು. ಬೇಜಾರಾಗಿರಬೇಕು ಎಂದುಕೊಂಡೆ. ಅವರು ಏನೋ ಗಟ್ಟಿಮಾಡಿಕೊಳ್ಳುತ್ತಿದ್ದರು ಎನ್ನುವುದು ಹಂಪಿಯಲ್ಲಿ ತಿಳಿಯಿತು.

ಹಂಪಿಯ ಬೀದಿಯ ಒಂದು ಕಲ್ಲುಮಂಟಪದಲ್ಲಿ ನಮ್ಮ ಬಿಡಾರ. ಬೆಳಿಗ್ಗೆ ಎಲ್ಲರೂ ವಿರೂಪಾಕ್ಷನಿಗೆ ಕೈಮುಗಿದು ಬಂದು ಉಪ್ಪಿಟ್ಟು ತಿಂದಾಯಿತು. ಶೇಕದಾರರು ಪೀಪಿ ಊದಿ, "ಗಂಡಸರೆಲ್ಲ ಹೊರಡಿ. ತಾಯಂದಿರೇ, ನಾವು ವಾಪಸು ಬರೋ ಹೊತ್ತಿಗೆ ಅನ್ನ ಸಾರು ಆಗಿರಲಿ," ಎಂದರು. ಗಂಡಸರು ಸಾಲು ಕಟ್ಟಿದರು. ಆ ಸಾಲಿನ ಕೊನೆಗೆ ದೊಡ್ಡತ್ತೆ ಹೋಗಿ ನಿಂತರು. ಕೈಕಾಲು ತೊಳೆದುಕೊಂಡು, ಒಗೆದ ಸೀರೆ ಉಟ್ಟಿದ್ದರು.

"ನೀವೆಲ್ಲಿಗಮ್ಮ?"

"ನೋಡೋಕೆ."

"ಅಡುಗೆ?"

"ಇವತ್ತಿಲ್ಲ."

ಶೇಕದಾರರಿಗೆ ಅರ್ಥವೇ ಆಗಲಿಲ್ಲ. "ಇಲ್ಲ ಅಂದ್ರೆ? ಇಷ್ಟು ಜನ ಏನು ತಿನ್ನೋದು?"

"ಇಷ್ಟು ಜನಕ್ಕೂ ಎರಡೆರಡು ಕೈ ಅವಲ್ಲಪ್ಪ." ದೊಡ್ಡತ್ತೆ ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಅವರ ಅಂಗೈಯಲ್ಲಿಟ್ಟರು. "ತಗೋ. ಕಷ್ಟ ಏನಿಲ್ಲ, ಕಡ್ಡಿ ಗೀರಿ ಊದ್ತಾ ಇರ್ಬೇಕು. ಪೀಪಿ ಊದಿ ಊದಿ ನಿಂಗೆ ಅಭ್ಯಾಸ ಐತಲ್ಲ."

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು. ಶೇಕದಾರರ ಕಿವಿ ಕೆಂಪಾಯಿತು. ಮಾವನವರು ಮುಂದೆ ಬಂದು ಹಲ್ಲು ಕಚ್ಚಿ, "ಅಕ್ಕಯ್ಯ, ಮಾನ ಕಳೀಬೇಡ. ನಿನ್ನ ಕರ್ಕೊಂಡು ಬಂದಿದ್ದೇ ಅಡುಗೆಗೆ," ಎಂದರು.

"ಗೊತ್ತಪ್ಪ. ಒಲೆ ನೋಡೋಕೆ ಹಂಪಿವರೆಗೆ ಯಾಕೆ ಬರಬೇಕಿತ್ತು? ಸಿಡ್ಲಘಟ್ಟದಲ್ಲೇ ಇತ್ತಲ್ಲ."

"ನೀವು ಹಿಂಗೆ ಹಠ ಮಾಡಿದ್ರೆ," ಎಂದರು ಶೇಕದಾರರು, "ಹೊಸಪೇಟೆಯಲ್ಲಿ ರೈಲು ಹತ್ತಿಸಿ ಮನೆಗೆ ಕಳಿಸ್ತೀನಿ. ನನ್ನ ಟೂರಲ್ಲಿ ಶಿಸ್ತು ಬೇಕು. ಬಾದಾಮಿಗೆ ನೀವಿಲ್ಲ."

"ಕಳ್ಸಪ್ಪ. ನೋಡ್ಕೊಂಡು ಬಂದ್ಮೇಲೆ ಕಳ್ಸು."

ಅಷ್ಟು ಹೇಳಿ ಸಾಲಿಗೆ ಕಾಯದೆ ನಡೆದುಬಿಟ್ಟರು. ನಾನು ಅವರ ಬೆನ್ನು ನೋಡುತ್ತಿದ್ದೆ. ತವರಿನ ಅನ್ನ ತಿನ್ನುವ ಹೆಂಗಸು, ತಮ್ಮನ ಮುಖಕ್ಕೆ ಹೊಡೆದಂತೆ ಮಾತಾಡಿದ್ದಾರೆ. ಆ ಮನೆ ಬಿಟ್ಟರೆ ಅವರಿಗೆ ಲೋಕದಲ್ಲಿ ಒಂದು ಹೊಸ್ತಿಲಿರಲಿಲ್ಲ. ಅದು ನಮ್ಮೆಲ್ಲರಿಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಅವರಿಗೆ ಗೊತ್ತು.

ನನ್ನ ಕೈಯಲ್ಲಿ ಮೊರ ಇತ್ತು, ಅಕ್ಕಿ ಆರಿಸುತ್ತಿದ್ದೆ. ಮೊರವನ್ನು ಸದ್ದಾಗದ ಹಾಗೆ ಕೆಳಗಿಟ್ಟು ಎದ್ದೆ. ಅತ್ತೆಯವರ ಮುಖ ನೋಡಲು ಹೆದರಿಕೆ. ಅವರಿಗೂ ದೊಡ್ಡತ್ತೆಗೂ ಉಪ್ಪಿನಿಂದ ಹಿಡಿದು ಉಪ್ಪಿನಕಾಯಿವರೆಗೆ ದಿನಾ ಜಗಳ. ಆದರೆ ಅತ್ತೆಯವರು ಸೌದೆಯನ್ನು ಕಾಲಿನಿಂದ ಅತ್ತ ಸರಿಸಿ, "ನಂಗೆ ಮಂಡಿ ನೋವು, ನಡೆಯೋಕಾಗಲ್ಲ. ಆದ್ರೆ ಒಲೇನೂ ಹಚ್ಚಲ್ಲ. ಇಲ್ಲೇ ಕೂತು ಬೀದಿ ನೋಡ್ತೀನಿ. ನೀವು ಹೋಗ್ರೇ," ಎಂದುಬಿಟ್ಟರು. ಆಮೇಲೆ ಕೇಳಬೇಕೆ! ಗೌರಿಬಿದನೂರಿನ ನಾದಿನಿ ಚಪ್ಪಲಿ ಹುಡುಕತೊಡಗಿದಳು.

ಉಗ್ರನರಸಿಂಹನ ಮುಂದೆ ದೊಡ್ಡತ್ತೆ ಬಹಳ ಹೊತ್ತು ನಿಂತರು. ಕೈಗಳು ಮುರಿದು, ಮಂಡಿ ಒಡೆದು, ಕಣ್ಣು ಮಾತ್ರ ಹಾಗೇ ಉಬ್ಬಿಕೊಂಡು ಅಷ್ಟೆತ್ತರಕ್ಕೆ ಕೂತಿದ್ದ. ಚಿಕ್ಕಬಳ್ಳಾಪುರದ ಒಬ್ಬಾಕೆ ಸೆರಗಿನಿಂದ ಕಣ್ಣು ಮರೆಮಾಡಿಕೊಂಡು, "ಬನ್ರೇ, ಭಿನ್ನವಾದ ದೇವರನ್ನ ಕಣ್ಣಿಟ್ಟು ನೋಡಬಾರದು, ಅಪಶಕುನ," ಎಂದರು.

"ನನ್ನೂ ಹಂಗೇ ಅಂತಾರಲ್ಲಮ್ಮ," ಎಂದರು ದೊಡ್ಡತ್ತೆ, ತಿರುಗಿ ನೋಡದೆ. "ಬೆಳಿಗ್ಗೆ ನನ್ನ ಕೈಯಿಂದ ಉಪ್ಪಿಟ್ಟು ಹಾಕಿಸ್ಕೊಂಡ್ಯಲ್ಲ, ಎರಡು ಸಲ."

ಆಕೆ ಸೆರಗು ಇಳಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರೂ ನೋಡುತ್ತಿದ್ದರು.

ಅಲ್ಲಿ ಪುರಾತತ್ವ ಇಲಾಖೆಯವರ ನೀಲಿ ಬೋರ್ಡೊಂದಿತ್ತು, ಇಂಗ್ಲಿಷಿನಲ್ಲಿ. ದೊಡ್ಡತ್ತೆ ನನ್ನ ಭುಜ ಹಿಡಿದು ಅದರ ಮುಂದೆ ನಿಲ್ಲಿಸಿ, "ಓದಮ್ಮ. ನಿಮ್ಮಪ್ಪ ಅಷ್ಟು ಖರ್ಚು ಮಾಡಿ ಓದಿಸಿದ್ದು ಇದಕ್ಕೇ," ಎಂದರು. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. "ಗಟ್ಟಿಯಾಗಿ. ಹಿಂದಿರೋರಿಗೆ ಕೇಳಲ್ಲ," ಎಂದರು. ಗಟ್ಟಿಯಾಗಿ ಹೇಳಿದೆ. ಮದುವೆಯಾದ ಮೇಲೆ ಬಯಲಿನಲ್ಲಿ ನನ್ನ ದನಿಯನ್ನು ನಾನೇ ಕೇಳಿದ್ದು ಅದೇ ಮೊದಲು.

ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಸಾಲು ಸಾಲು ಕೆತ್ತನೆ. ದೊಡ್ಡತ್ತೆ ಬಗ್ಗಿ, ಆ ನುಣ್ಣನೆಯ ಕೈಯನ್ನು ಕಲ್ಲಿಗೆ ತಾಗಿಸಿಕೊಂಡೇ ಸುತ್ತು ಬಂದರು. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕುತ್ತಿದ್ದರು. ಕೊನೆಗೆ ಸೊಂಟ ನೆಟ್ಟಗೆ ಮಾಡಿ ನಿಂತರು.

"ಇಲ್ನೋಡು ಮಗಾ. ಇವಳು ಕುಣೀತಾ ಅವಳೆ. ಇವಳು ಕೋಲಾಟ. ಇವಳು ನೋಡು, ಬಿಲ್ಲು ಹಿಡಿದು ಜಿಂಕೆ ಹೊಡೀತಾಳೆ! ಇಷ್ಟು ಹೆಂಗಸರನ್ನ ಕೆತ್ತವ್ರೆ, ಒಲೆ ಮುಂದೆ ಕೂತೋಳು ಒಬ್ಳೂ ಸಿಗ್ಲಿಲ್ಲ ನಂಗೆ."

"ಅವರಿಗೆ ಅಡುಗೆ ಯಾರು ಮಾಡ್ತಿದ್ರೋ," ಎಂದಳು ನಾದಿನಿ.

"ಮಾಡ್ತಿದ್ದೋಳು ಮಾಡ್ತಾನೇ ಇದ್ಲು. ಕೆತ್ತೋನು ಅಡುಗೆಮನೆಗೆ ಬರ್ಲಿಲ್ಲ, ಅವಳು ಆಚೆಗೆ ಬರ್ಲಿಲ್ಲ."

ನಾವೆಲ್ಲ ಇನ್ನೊಂದು ಸುತ್ತು ಹಾಕಿದೆವು.

ವಾಪಸು ಬಂದಾಗ ಗಂಡಸರು ಮಂಟಪದಲ್ಲಿ ಕಡ್ಲೆಪುರಿ, ಬಾಳೆಹಣ್ಣು ಹಂಚಿಕೊಂಡು ತಿನ್ನುತ್ತಿದ್ದರು. ಅತ್ತೆಯವರ ಮುಂದೆಯೂ ಒಂದು ಪೊಟ್ಟಣ. ಶೇಕದಾರರು ಮಾತು ಉಳಿಸಿಕೊಂಡರು. ಸಂಜೆಗೆ ಹೊಸಪೇಟೆ ಸ್ಟೇಷನ್ನಿನಲ್ಲಿ ಗೌರಿಬಿದನೂರಿಗೆ ಟಿಕೀಟು ತೆಗೆಸಿ, ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸಬೇಕೆಂದು ಹೇಳಿ ದೊಡ್ಡತ್ತೆಯನ್ನು ಹತ್ತಿಸಿಯೇಬಿಟ್ಟರು. ಅದುವರೆಗೆ ಒಬ್ಬರೇ ಚಿಕ್ಕಬಳ್ಳಾಪುರದ ಬಸ್ಸನ್ನೂ ಹತ್ತದ ಹೆಂಗಸು. ಮಾವನವರು ಕಿಟಕಿಯ ಹತ್ತಿರ ಹೋಗಲಿಲ್ಲ. ದೂರದಿಂದಲೇ, "ಊರಿಗೆ ಬಂದ್ಮೇಲೆ ನಿನ್ನ ವಿಚಾರ ಮಾತಾಡ್ತೀನಿ," ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆಯವರೂ ಮೂಗು ಒರೆಸಿಕೊಳ್ಳುತ್ತಿದ್ದರು.

"ಸಾಕು ಬಿಡ್ರೇ," ಎಂದರು ದೊಡ್ಡತ್ತೆ ಕಂಬಿಗಳ ನಡುವಿನಿಂದ. "ನಾನೇನು ಗಂಡನ ಮನೆಗೆ ಹೋಗ್ತಾ ಇದ್ದೀನಾ ಅಳೋಕೆ?"

ನಾವು ಬಾದಾಮಿ ನೋಡಿದೆವು. ಅಲ್ಲಿ ಸರದಿಯ ಮೇಲೆ ಒಲೆ ನೋಡಿಕೊಂಡೆವು, ಹೆಂಗಸರು ಹೆಂಗಸರೇ. ಅಷ್ಟಾದರೂ ಆಗಿತ್ತು. ಊರಿಗೆ ಬಂದು ನೋಡಿದರೆ ದೊಡ್ಡತ್ತೆ ಹಿಟ್ಟು ತೊಳಸುತ್ತಿದ್ದರು, ಏನೂ ಆಗದವರ ಹಾಗೆ. ಮಾವನವರು ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತರು. ನಮ್ಮ ಯಜಮಾನರು ತಡೆಯಲಾರದೆ, "ದಾರಿಯಲ್ಲಿ ತೊಂದರೆ ಆಯ್ತಾ ದೊಡ್ಡತ್ತೆ?" ಎಂದು ಕೇಳಿದರು.

"ಏನೂ ಇಲ್ಲಪ್ಪ. ಗಾಡಿ ಹಿಂದೂಪುರದಲ್ಲಿ ನಿಂತ್ಕೊಳ್ತು. ಲೇಪಾಕ್ಷಿ ಇಲ್ಲೇ ಅಲ್ವಾ ಅಂತ ಪಕ್ಕದ ಅಮ್ಮನ್ನ ಕೇಳ್ದೆ. ಹೂಂ ಅಂದ್ಲು. ಇಳ್ಕೊಂಡೆ."

ಜಗಲಿಯಿಂದ ಮಾವನವರು ಕೆಮ್ಮಿದರು.

"ಬಸ್ಸು ಹಿಡಿದು ಹೋಗಿ ಕಂಬ ನೋಡ್ದೆ ಕಣೋ. ಮೂರು ಕಡೆ ಬಿಟ್ಕೊಂಡೈತೆ, ಒಂದು ಮೂಲೆ ಮಾತ್ರ ನೆಲಕ್ಕೆ ತಾಕೈತೆ. ಅಷ್ಟರ ಮೇಲೇ ನಿಂತೈತೆ. ನನ್ ಹಂಗೇ." ಹಿಟ್ಟಿನ ಕೋಲನ್ನು ಗಡಿಗೆಯ ಅಂಚಿಗೆ ತಟ್ಟಿದರು. "ತಟ್ಟೆ ಹಾಕ್ಕೊಳ್ರಿ, ಆರೋಗುತ್ತೆ."

ಮಾವನವರು ಅವರನ್ನು ಮನೆಯಿಂದ ಕಳಿಸಲಿಲ್ಲ. ಕಳಿಸಿದರೆ ತಾನೂ ಹೊರಡುವುದಾಗಿ ಅತ್ತೆಯವರು ಹೇಳಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ಆದರೆ ಒಂದು ಷರತ್ತು ಹಾಕಿದರು. ಶೇಕದಾರರ ಮುಂದೆ ತಪ್ಪಾಯ್ತು ಎಂದು ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಇನ್ನೆಂದೂ ಟೂರಿಗೆ ಕರೆದುಕೊಂಡು ಹೋಗುವುದಿಲ್ಲ. ಹೇಳಿಬಿಡಿ ದೊಡ್ಡತ್ತೆ, ಒಂದು ಮಾತು ತಾನೇ, ಎಂದು ನಾನೇ ಬೇಡಿಕೊಂಡೆ. ಕಾನ್ವೆಂಟಿನಲ್ಲಿ ನಾವು ದಿನಕ್ಕೆ ಹತ್ತು ಸಲ ಸಾರಿ ಹೇಳುತ್ತಿದ್ದವರು.

"ನೋಡಿದ್ದಕ್ಕೆ ತಪ್ಪುಕಾಣಿಕೆ ಹಾಕೋಣ ಅಂತೀಯಾ? ಪೋನೀಲೇ, ಬಿಡು ಮಗಾ. ಹೇಳಿದ್ರೆ ನೋಡಿದ್ದೆಲ್ಲ ಹೊರಟೋಗುತ್ತೆ."

ಹೇಳಲಿಲ್ಲ. ಮತ್ತೆ ಹೋಗಲೂ ಇಲ್ಲ. ಮುಂದಿನ ವರ್ಷ ಬೇಲೂರು, ಹಳೇಬೀಡು ಎಂದು ಶೇಕದಾರರು ಹೇಳಿಕಳಿಸಿದಾಗ, ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಪ್ರತಿ ಮನೆಯ ಹೆಂಗಸರೂ ಒಂದೇ ಮಾತು ಹೇಳಿದರು: ಅಡುಗೆಗೆ ಬೇರೆ ಜನ ಇಟ್ಟರೆ ಬರುತ್ತೇವೆ. ಶೇಕದಾರರು ಗೊಣಗಿಕೊಂಡು ಚಿಕ್ಕಬಳ್ಳಾಪುರದಿಂದ ಅಡುಗೆಯವರೊಬ್ಬರನ್ನು ಗೊತ್ತುಮಾಡಿದರು. ನಾನು ಬೇಲೂರನ್ನು ಕಣ್ತುಂಬ ನೋಡಿದೆ. ಅದನ್ನು ಗಳಿಸಿಕೊಟ್ಟವರು ಶಿಡ್ಲಘಟ್ಟದಲ್ಲಿ ಸೊಪ್ಪು ಸೋಸುತ್ತಿದ್ದರು.

ಆ ಟೂರು ಮುಗಿಸಿ ಶೇಕದಾರರು ಪ್ರಸಾದ ಕೊಡುವ ನೆಪದಲ್ಲಿ ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕೂತು, ಒಳಗೆ ಕೇಳಿಸುವಂತೆ, "ಈ ಸಲ ಹೆಣ್ಣುಮಕ್ಕಳು ಒಂದು ಕಡ್ಡೀನೂ ಗೀರಲಿಲ್ಲ. ಎಲ್ಲ ಅಡುಗೆಯವರೇ. ಈಗ ಸಮಾಧಾನ ಆಯ್ತಾ ಕೇಳಿ ನಿಮ್ಮಕ್ಕನ್ನ," ಎಂದರು. ರಾಜಿಗೆಂದು ಅವರು ಬಗ್ಗಿದ್ದು ಅಷ್ಟೇ. ದೊಡ್ಡತ್ತೆ ಬಾಗಿಲಿಗೆ ಬಂದರು.

"ಬಹಳ ಒಳ್ಳೇದಾಯ್ತಪ್ಪ. ಆ ಅಡುಗೆಯವ್ರು ಏನೇನು ನೋಡಿದ್ರು?"

"ಯಾರು?"

"ಅಡುಗೆಯವ್ರು. ನಿನ್ ಬಸ್ಸಲ್ಲೇ ಬಂದಿದ್ರಲ್ಲ. ಅವ್ರು ಏನು ನೋಡಿದ್ರು ಬೇಲೂರಲ್ಲಿ?"

ಶೇಕದಾರರು ಕಾಫಿ ಲೋಟ ಕೆಳಗಿಟ್ಟರು.

"ಹಂಗಾದ್ರೆ ಸಮಾಧಾನ ಇನ್ನೂ ಆಗಿಲ್ಲ," ಎಂದು ದೊಡ್ಡತ್ತೆ ಒಳಗೆ ಹೋದರು.

ಅದಾಗಿ ಎರಡು ಮೂರು ವರ್ಷಕ್ಕೆ ದೊಡ್ಡತ್ತೆಗೆ ಉಬ್ಬಸ ಹಿಡಿಯಿತು. ಡಾಕ್ಟರು ಹೊಗೆಯ ಹತ್ತಿರ ಹೋಗಬೇಡಿ ಎಂದರು. "ಈಗ ಹೇಳ್ತಾನೆ ಪುಣ್ಯಾತ್ಮ," ಎಂದು ದೊಡ್ಡತ್ತೆ ಗೋಡೆಗೊರಗಿ ಕೂತರು. ಆ ವರ್ಷ ನಾವು ಐಹೊಳೆ, ಪಟ್ಟದಕಲ್ಲಿಗೆ ಹೋಗಿ ಬಂದೆವು. ಚೀಲ ಇಳಿಸಿ ಮುಖ ತೊಳೆಯುವ ಮೊದಲೇ ನಾನು ಅವರ ಚಾಪೆಯ ಅಂಚಿಗೆ ಕೂತೆ. ನೋಡಿದ್ದೆಲ್ಲ ಒಪ್ಪಿಸುವುದು ನನ್ನ ಪದ್ಧತಿಯಾಗಿತ್ತು. ಬಾಗಿಲುಗಳೆಷ್ಟು, ಹೆಂಗಸರ ಮುಡಿ ಹೇಗಿದೆ, ಸೀರೆಯ ನೆರಿಗೆ ಹೇಗಿದೆ ಎಂದು ಅವರು ಕೆದಕಿ ಕೆದಕಿ ಕೇಳುತ್ತಿದ್ದರು.

"ಅದಿರಲಿ ದೊಡ್ಡತ್ತೆ, ಇದು ಕೇಳಿ," ಎಂದೆ. "ಪಟ್ಟದಕಲ್ಲಲ್ಲಿ ಶೇಕದಾರರು ಪೀಪಿ ತೆಗೆದು ನಮ್ಮ ಯಜಮಾನರ ಕೊರಳಿಗೆ ಹಾಕಿದರು. ಜನರನ್ನ ನೀನು ಕರ್ಕೊಂಡು ಹೋಗಪ್ಪ ಅಂದರು. ಅಡುಗೆಯವರಿಗೆ, ನೀವೂ ಹೋಗಿ ನೋಡ್ಕೊಂಡು ಬನ್ನಿ ಅಂದರು. ತಾವು ಪಂಚೆ ಮೇಲೆ ಕಟ್ಟಿಕೊಂಡು ಒಲೆ ಮುಂದೆ ಕೂತರು. ಬೇಳೆ ಕೆದಕ್ತಾ ಇರಿ ಅಂತ ಅಡುಗೆಯವರು ಹೇಳಿದ್ದರಂತೆ. ನಾವು ಬರೋ ಹೊತ್ತಿಗೆ ತಳ ಹಿಡಿದು ಊರೆಲ್ಲ ಸೀದ ವಾಸನೆ. ಕಣ್ಣು ಎರಡೂ ಕೆಂಪಗೆ. ಎಲ್ಲರೂ ಸೀದ ಸಾರನ್ನೇ ಉಂಡೆವು."

ದೊಡ್ಡತ್ತೆ ಅಲುಗಾಡದೆ ಕೇಳಿದರು. ಶೇಕದಾರರು ನಿಮ್ಮನ್ನೂ ವಿಚಾರಿಸಿದರು, ಒಂದು ಸಲ ಬರಬಾರದಾ ಅಂದರು, ಎಂದು ಸೇರಿಸಿಬಿಡೋಣ ಎನಿಸಿತು. ಶೇಕದಾರರು ಹಾಗೆ ಅಂದಿರಲಿಲ್ಲ. ನಾನೂ ಹೇಳಲಿಲ್ಲ. ಸುಳ್ಳು ಅವರಿಗೆ ಬೇಕಿರಲಿಲ್ಲ.

"ತಳ ಹಿಡೀತಾ?" ಎಂದರು ಕೊನೆಗೆ. ಎದೆಯೊಳಗಿನ ಸಿಳ್ಳಿನ ನಡುವೆ ನಗು ಬಂದು, ಕೆಮ್ಮಾಗಿ, ಮತ್ತೆ ನಗುವಾಯಿತು. "ಹಿಡೀಲಿ ಬಿಡು. ಇನ್ನೂ ನಾಲ್ಕು ಸಲ ಕೂತ್ರೆ ಕಲೀತಾನೆ."

ಆ ಆಷಾಢದಲ್ಲಿ ದೊಡ್ಡತ್ತೆ ಹೋದರು. ನಾನು ಆಮೇಲೆ ಎಷ್ಟೋ ಊರು, ಎಷ್ಟೋ ಗುಡಿ, ಕೋಟೆ ನೋಡಿದ್ದೇನೆ. ಬಸ್ಸಿನಿಂದ ಇಳಿದರೆ ಮೊದಲು ನೋಡುವುದು, ಹೊಟ್ಟೆಯ ಮಾತು ಆಮೇಲೆ. ಮಕ್ಕಳು, ಮೊಮ್ಮಕ್ಕಳು ಹಸಿವು ಹಸಿವು ಎಂದು ಸೆರಗು ಎಳೆದಿದ್ದಾರೆ, ಯಜಮಾನರು ಗಡಿಯಾರ ತೋರಿಸಿದ್ದಾರೆ. ನಾನು ಮೆಲುದನಿಯಲ್ಲೇ, ಆದರೆ ಹಿಂದಿರುವವರಿಗೂ ಕೇಳಿಸುವಂತೆ, ಕಾಯಿರಿ ಎಂದಿದ್ದೇನೆ.